ಎಲುಬು ಕಟ್ಟುವವರು ಹೇಳಿದ ಡಾಕ್ಟರ್

ಬಸ್ಸಿನ ಮೆಟ್ಟಿಲು ತಪ್ಪಿ ಬಿದ್ದ ನನ್ನ ಹೆಂಡತಿ ಸುಮಾಳನ್ನು ಓಣಿಯವರು ಆಟೋದಲ್ಲಿ ಕೂರಿಸಿದರು. ಆಸ್ಪತ್ರೆಗೆ ಅಂದುಕೊಂಡೆ. ಆಟೋ ಹೊರಟಿದ್ದು ಎಲುಬು ಕಟ್ಟುವ ನಾಟಿ ವೈದ್ಯರ ಮನೆಗೆ! ಅರ್ಧ ದಾರಿಯಲ್ಲಿ ಕೂಗಾಡಿ ಇಳಿಸಿಕೊಂಡೆ.

ಮೈಸೂರಿನಿಂದ ಶಹಾಪುರಕ್ಕೆ ವರದಿಗಾರನಾಗಿ ಬಂದು ಆಗ ನಾಲ್ಕು ತಿಂಗಳು. ಹತ್ತಿರದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಸಿದೆ. ಬಲ ಮೊಣಕೈ ಮುರಿದಿತ್ತು. ಆಪರೇಷನ್ ತಡವಾದರೆ ಕೈ ಮಡಚಲು ಬರುವುದಿಲ್ಲ, ಆದರೆ ಅದು ಇಲ್ಲಿ ಆಗುವುದಿಲ್ಲ ಎಂದರು ಅಲ್ಲಿನ ಡಾಕ್ಟರ್. ಸುಮಾ ಹೊಲಿಗೆ ಕೆಲಸದವಳು. ನಮ್ಮಲ್ಲಿದ್ದದ್ದು ಸರ್ಕಾರಿ ಆರೋಗ್ಯ ವಿಮೆಯ ಕಾರ್ಡ್ ಮಾತ್ರ.

ಮೈಸೂರಿನ ಅಭ್ಯಾಸದಂತೆ ಆಸ್ಪತ್ರೆ ಹುಡುಕಲು ಫೋನ್ ಹಿಡಿದು ಕೂತೆ. ಒಂದು ಕಡೆ "ಆ ಕಾರ್ಡ್ ನಮ್ಮಲ್ಲಿ ನಡಿಯಂಗಿಲ್ರಿ" ಎಂದರು. ಇನ್ನೊಂದು ಕಡೆ ಸರ್ಜನ್ ಭಾನುವಾರ ಮಾತ್ರ ಬರುತ್ತಾರಂತೆ. ಸುರಪುರದ ಆಸ್ಪತ್ರೆಯೆಂದು ಸಿಕ್ಕ ನಂಬರು ಔಷಧಿ ಅಂಗಡಿಯದು. ಎರಡು ದಿನ ಹೋಯಿತು.

ಮೂರನೆಯ ಬೆಳಿಗ್ಗೆ ಪಕ್ಕದ ಮನೆಯ ಮಹಾದೇವಮ್ಮ ಒಳಗೇ ಬಂದರು. "ಫೋನಿನಾಗ ಡಾಕ್ಟರ್ ಕುಂತಿರ್ತಾರೇನ್ರಿ ಸರ? ಅಕ್ಕೋರ ಕೈ ಬಾತು ಕುಂಬಳಕಾಯಿ ಆಗ್ಯಾದ. ಏಳ್ರಿ."

ಕರೆದೊಯ್ದದ್ದು ಅದೇ ನಾಟಿ ವೈದ್ಯರ ಮನೆಗೆ. ವಾದಿಸುವ ಶಕ್ತಿ ನನಗಿರಲಿಲ್ಲ.

ಆ ಅಜ್ಜ ಕೈ ಮುಟ್ಟಲೇ ಇಲ್ಲ. ಎಕ್ಸ್‌ರೇಯನ್ನು ಬಿಸಿಲಿಗೆ ಹಿಡಿದು ನೋಡಿದರು. ನಾನು ದಂಗಾದೆ.

"ಕೀಲಿನಾಗ ಮುರದಾದ. ಇದು ನನ್ನ ಕೆಲಸ ಅಲ್ರಿ. ಯಾದಗಿರಿಗಿ ಹೋಗ್ರಿ. ಮೊದಲ ಸರ್ಕಾರಿ ದವಾಖಾನ್ಯಾಗ ಚೀಟಿ ಬರಿಸ್ಕೊಳ್ರಿ. ಸ್ಟೇಶನ್ ಕಡಿ ಒಬ್ರು ಎಲುಬಿನ ಡಾಕ್ಟರ್ ಅದಾರ, ಚೀಟಿ ಇದ್ರ ಕಾರ್ಡ್ ತಗೋತಾರ." ದವಾಖಾನಿ ಎಂದರೆ ಇಲ್ಲಿ ಆಸ್ಪತ್ರೆ.

"ನಿಮಗೆ ಹೇಗೆ ಗೊತ್ತು?"

ಅಜ್ಜ ಧೋತರ ಸರಿಸಿ ತೊಡೆಯ ಉದ್ದನೆಯ ಹೊಲಿಗೆ ಗುರುತು ತೋರಿಸಿದರು. "ರಾಡ್ ಹಾಕ್ಯಾರ. ಇದೇ ಕಾರ್ಡಿನ್ಯಾಗ."

ಸುಮಾ ನೋವಿನಲ್ಲೂ ಕೇಳಿದಳು: "ನೀವೇ ಕಟ್ಕೊಳ್ಳಲಿಲ್ವಾ ಅಜ್ಜ?"

"ನನಗ ಬುದ್ಧಿ ಇಲ್ಲೇನವ್ವ?"

ಮಹಾದೇವಮ್ಮ ನಕ್ಕಿದ್ದು ಬೀದಿಗೆ ಕೇಳಿಸಿರಬೇಕು.

ಅಂದೇ ಯಾದಗಿರಿಗೆ ಹೋಗಿ ಚೀಟಿ ಬರೆಸಿದೆವು. ಮರುದಿನ ಅಜ್ಜ ಹೇಳಿದ ಡಾಕ್ಟರ ಹತ್ತಿರವೇ, ಕಾರ್ಡಿನಲ್ಲೇ ಆಪರೇಷನ್ ಆಯಿತು. ಈಗ ಅವಳ ಕೈ ಮಡಚುತ್ತದೆ, ಸೂಜಿಗೆ ದಾರ ಪೋಣಿಸುತ್ತಾಳೆ.

ಡಾಕ್ಟರ್ ಹೇಗೆ ಸಿಕ್ಕರೆಂದು ಮೈಸೂರಿನಿಂದ ಅತ್ತೆ ಫೋನಿನಲ್ಲಿ ಕೇಳಿದಾಗ, "ಸರ್ಕಾರಿ ಆಸ್ಪತ್ರೆಯಲ್ಲಿ ಬರೆದುಕೊಟ್ಟರು" ಎಂದೆ. ಸುಳ್ಳಲ್ಲ. ಆದರೆ ಓಣಿಯಲ್ಲಿ ಕೇಳಿದವರಿಗೆಲ್ಲ ಅಜ್ಜನ ಹೆಸರನ್ನೇ ಹೇಳಿದ್ದೇನೆ, ಅದೂ ಹೆಮ್ಮೆಯಿಂದ. ಒಂದೇ ಘಟನೆಗೆ ಎರಡು ಊರಿಗೆ ಎರಡು ವರದಿ ಕೊಟ್ಟದ್ದು ನನ್ನ ವೃತ್ತಿಯಲ್ಲಿ ಇದೇ ಮೊದಲು.