ಒಂದು ಫೋಟೊದ ಬೆನ್ನು ಹತ್ತಿದ ಚಿಕ್ಕಬೀರಪ್ಪನವರು

ಶಿಕಾರಿಪುರ, ಸೊರಬ ಸೀಮೆಯಲ್ಲಿ ಕಳ್ಳರ ಜಾಡು ಹಿಡಿಯುವ ವಿದ್ಯೆಯು ಹೆಜ್ಜೆಗುರುತಿನಿಂದ ವಾಟ್ಸಾಪಿಗೆ ಬಂದು ನಿಂತ ಕಾಲವನ್ನು ಕಣ್ಣಾರೆ ಕಂಡು, ಎರಡರಲ್ಲೂ ಪಳಗಿದವರು ಎಎಸ್‌ಐ ಚಿಕ್ಕಬೀರಪ್ಪನವರು. ಮೂವತ್ತಾರು ವರ್ಷಗಳ ಸೇವೆ ಮುಗಿಸಿ ಅವರು ಖಾಕಿ ಕಳಚುತ್ತಿರುವ ಈ ಹೊತ್ತಿನಲ್ಲಿ ಬರೀ ಗೆಲುವುಗಳನ್ನು ಬರೆದರೆ ಅವರೇ ಒಪ್ಪಲಾರರು.

ಗೆಲುವುಗಳೇನೂ ಕಡಿಮೆಯಲ್ಲ. ಪೇದೆಯಾಗಿ ಸೇರಿದವರು ಸೈಕಲ್ಲಿನಲ್ಲಿ ಬೀಟು ತಿರುಗಿ ಮನೆಮನೆಯ ಹೆಸರು ಬಲ್ಲವರಾಗಿದ್ದರು. ಮೊಬೈಲು ಬಂದಾಗ ಹಾಲಿನ ಡೇರಿ, ಆಟೊ ನಿಲ್ದಾಣ, ಭಜನಾ ಮಂಡಳಿ ಎನ್ನದೆ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಸೇರಿಕೊಂಡರು. ಪೊಲೀಸರಿಗೆ ಬೇಕಾದವನ ಫೋಟೊ ಬೆಳಿಗ್ಗೆ ಬಿಟ್ಟರೆ ಸಂಜೆಯೊಳಗೆ ಶಿರಾಳಕೊಪ್ಪದ ಸಂತೆಯಿಂದಲೋ ಉಳವಿಯ ಬಸ್ಸಿನಿಂದಲೋ ಸುದ್ದಿ ಬರುತ್ತಿತ್ತು. ತಲೆಮರೆಸಿಕೊಂಡಿದ್ದ ಹನ್ನೊಂದು ಮಂದಿ ಹೀಗೆ ಸಿಕ್ಕಿಬಿದ್ದರು.

ಹನ್ನೆರಡನೆಯವನು ಮಾಳೇಶ.

ಆರು ವರ್ಷದ ಹಿಂದೆ, ಬಂದಳಿಕೆಯ ಆಚೆಯ ಒಂದು ಸಣ್ಣ ಊರಿನ ಅಮ್ಮನ ಗುಡಿಯಲ್ಲಿ ಬೆಳ್ಳಿಯ ಮುಖವಾಡ ಕಳುವಾಯಿತು. ಹಿಂದಿನ ದಿನ ಗುಡಿಯ ಕಟ್ಟೆಯ ಮೇಲೆ ಮಲಗಿದ್ದ ಮಾಳೇಶ ಊರು ಬಿಟ್ಟಿದ್ದ. ಅನುಮಾನಕ್ಕೆ ಅಷ್ಟು ಸಾಕಾಯಿತು. ಫೋಟೊ ಕೇಳಲು ಹೋದ ಚಿಕ್ಕಬೀರಪ್ಪನವರಿಗೆ ಅವನ ತಾಯಿ ಹುಚ್ಚಮ್ಮ ಬೆಲ್ಲ ನೀರು ಕೊಟ್ಟು, "ಜಗಳ ಆಡ್ಕೊಂಡು ಹೋಗ್ಯಾನೆ ಸಾಹೇಬ್ರೇ. ಹುಡುಕಿ ಕೊಡ್ರಿ, ನಿಮ್ ಮಕ್ಳು ತಣ್ಣಗಿರ್ಲಿ" ಎಂದಳು. "ಹುಡುಕ್ತೀವಮ್ಮ" ಎಂದು ಇವರು ಫೋಟೊ ತಂದರು. ಕಳವಿನ ಮಾತೆತ್ತಲು ಅಂದು ಬಾಯಿ ಬರಲಿಲ್ಲವೆಂದು ಮುಂದೆ ಎಷ್ಟೋ ಸಲ ಹೇಳಿಕೊಂಡು ನೊಂದರು.

ಗುಂಪುಗಳಿಗೆ ಬಿಟ್ಟ ಫೋಟೊದ ಕೆಳಗೆ 'ಗುಡಿ ಕಳವಿನ ಆರೋಪಿ, ಕಂಡಲ್ಲಿ ತಿಳಿಸಿ' ಎಂದಿತ್ತು. ಓದು ಬಾರದ ಹುಚ್ಚಮ್ಮ ಪಕ್ಕದ ಮನೆಯ ಸಂಗೀತಳ ಫೋನಿನಲ್ಲಿ ಮಗನ ಮುಖ ಕಂಡು ಹಿಗ್ಗಿದಳು. ಬಸ್ಸಿನಲ್ಲಿ, ಸೊಸೈಟಿಯ ಸಾಲಿನಲ್ಲಿ ಸಿಕ್ಕಸಿಕ್ಕವರನ್ನೆಲ್ಲ, "ನನ್ ಮಗನ್ ಫೋಟೊ ಬಂದೈತಲ್ಲ, ಎಲ್ಲಾರಿಗೂ ಕಳ್ಸ್ರಪ್ಪಾ" ಎಂದು ಬೇಡಿದಳು. ಅಕ್ಷರ ಬಲ್ಲವರು ನಿಜ ಹೇಳಲಾರದೆ ಕಳಿಸಿದರು. ಪೊಲೀಸರು ಹರಡಿದ್ದಕ್ಕಿಂತ ಹೆಚ್ಚು ಊರುಗಳಿಗೆ ಹೆತ್ತವಳೇ ಅದನ್ನು ಮುಟ್ಟಿಸಿದಳು.

ಒಂಬತ್ತನೆಯ ದಿನ ಜಿಲ್ಲೆಯ ಆಚೆ ಒಂದು ಇಟ್ಟಿಗೆ ಭಟ್ಟಿಯಲ್ಲಿ ಜನ ಮಾಳೇಶನನ್ನು ಹಿಡಿದು, ಬಡಿದು, ಒಪ್ಪಿಸಿದರು. ಮುಖವಾಡ ಸಿಕ್ಕಿದ್ದು ಮಾತ್ರ ಬೇರೊಬ್ಬನ ಹತ್ತಿರ. ಮಾಳೇಶ ನಿರಪರಾಧಿಯೆಂದು ಚಿಕ್ಕಬೀರಪ್ಪನವರು ಅವೇ ಗುಂಪುಗಳಿಗೆ ಬರೆದರು. ಅದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ. "ಎಲ್ಲರ ಫೋನ್ನಾಗೂ ನಾನು ಕಳ್ಳನೇ" ಎಂದು ಅವನು ಊರಿಗೆ ಬರದೆ ದೂರದ ಕಾಫಿ ತೋಟದ ಕೂಲಿಗೆ ಹೋದ. ಫೋಟೊದ ಕೆಳಗೆ ಬರೆದದ್ದೇನೆಂದು ಕೊನೆಗೆ ತಿಳಿದು ಠಾಣೆಗೆ ಬಂದ ಹುಚ್ಚಮ್ಮ ಕೂಗಾಡಲಿಲ್ಲ. "ಹುಡುಕಿ ಕೊಡ್ರಿ ಅಂದಿದ್ದೆ. ನನ್ ಕೈಯಾಗೇ ಡಂಗುರ ಹೊಡ್ಸಿದ್ರಲ್ಲ ಸಾಹೇಬ್ರೇ" ಎಂದಳು, ಅಷ್ಟೇ.

ಅಂದಿನಿಂದ ಚಿಕ್ಕಬೀರಪ್ಪನವರಿಗೆ ವಾರದ ರಜೆ ರಜೆಯಾಗಿ ಉಳಿಯಲಿಲ್ಲ. ಬಸ್ಸು ಹತ್ತಿ, ಊರೂರಿನ ಚಹಾದಂಗಡಿಯಲ್ಲಿ ಕುಳಿತು, "ಇವನು ಕಳ್ಳ ಅಲ್ಲ, ತಪ್ಪು ನಂದು" ಎಂದು ಒಬ್ಬೊಬ್ಬರ ಫೋನಿನಿಂದಲೂ ಆ ಫೋಟೊ ತೆಗೆಸಿದರು. ಉಳವಿಯ ಅಂಗಡಿಯ ರಾಜಪ್ಪ, "ಎಂತದು ಮಾರಾಯ್ರೆ, ಊರೆಲ್ಲ ಲೈಕ್ ಕೇಳತ್ತೆ, ನೀವೊಬ್ರು ಡಿಲೀಟ್ ಕೇಳ್ತೀರಲ್ಲ!" ಎಂದು ಹಂಗಿಸಿದ. "ಮೊದ್ಲು ಅಳಿಸ್ರೀ, ಆಮೇಲೆ ನಗ್ರೀ" ಎಂದು ಇವರು ಕೂತೇ ಇದ್ದರು.

ಆರೋಪಿಯ ಫೋಟೊ ಬಿಡುವ ಮೊದಲು ಅದರ ಕೆಳಗಿನ ಒಕ್ಕಣೆಯನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯನ್ನು ಠಾಣೆಗೆ ತಂದವರೂ ಅವರೇ. ಅದರಿಂದ ಸುಳಿವು ಸಿಕ್ಕಿ ಒಬ್ಬಿಬ್ಬರು ತಪ್ಪಿಸಿಕೊಂಡದ್ದುಂಟು. ಕಿರಿಯರು ಗೊಣಗಿದ್ದೂ ಉಂಟು. ಅವರು ಬಿಡಲಿಲ್ಲ.

ಹೋದ ಶಿವರಾತ್ರಿಯಂದೂ ಹುಚ್ಚಮ್ಮ ಕೇಳಿದಳು: "ಈಗಾದ್ರೂ ಬರ್ಬಹುದೇನ್ರೀ ನನ್ ಮಗ?" ಹಿಂದಿನ ದಿನವಷ್ಟೇ ಸೊರಬದ ಬಸ್ಸಿನಲ್ಲಿ ಅಪರಿಚಿತನೊಬ್ಬನ ಫೋನಿನಲ್ಲಿ ಅದೇ ಮುಖವನ್ನು ಕಂಡಿದ್ದ ಚಿಕ್ಕಬೀರಪ್ಪನವರು ತಲೆ ತಗ್ಗಿಸಿ, "ಇನ್ನೊಂದ್ ಸ್ವಲ್ಪ ದಿನ ತಡೀರಮ್ಮ" ಎಂದರು.

ನಿವೃತ್ತರಾದವರಿಗೆ ವಿಶ್ರಾಂತಿಯನ್ನು ಹಾರೈಸುವುದು ವಾಡಿಕೆ. ಚಿಕ್ಕಬೀರಪ್ಪನವರು ಅದನ್ನು ಬೇಡಿದವರಲ್ಲ. ಶಿಕಾರಿಪುರದ ದೇವರು ಹುಚ್ಚರಾಯಸ್ವಾಮಿಯು ಇವರ ಮೊಣಕಾಲಿಗೆ ಬಲವನ್ನೂ ಆ ತಾಯಿಯ ಕಣ್ಣಿಗೆ ಬೆಳಕನ್ನೂ ಕೊಡಲಿ; "ಇನ್ನು ಮಗನ್ನ ಬರಹೇಳ್ರಮ್ಮ" ಎಂದು ಒಬ್ಬರು ಹೇಳುವ, ಇನ್ನೊಬ್ಬರು ಕೇಳುವ ದಿನದವರೆಗೆ ಇಬ್ಬರನ್ನೂ ಉಳಿಸಲಿ.