ಹನ್ನೆರಡನೆಯ ಹುಡುಗಿ

ಪೆರಾಬೆಯ ಆ ಶಾಲೆಗೆ ಬೋರ್ಡಿನಲ್ಲಿ ಮಾರುದ್ದದ ಹೆಸರಿದೆ. ಪೂರ್ತಿ ಓದಿದವರು ಯಾರೂ ಇದ್ದಂತಿಲ್ಲ. ಊರವರ ಬಾಯಲ್ಲಿ ಅದು ಎಲ್ಸಾ ಟೀಚರ ಹೊಲಿಗೆ ಶಾಲೆ. ಹತ್ತರಲ್ಲಿ ಫೇಲಾದವರು, ಅರ್ಧಕ್ಕೆ ಓದು ಬಿಟ್ಟವರು, ನೆಂಟರಿಗೆ ಮುಖ ತೋರಿಸಲಾಗದೆ ಅಡುಗೆಮನೆ ಸೇರಿದ ಹುಡುಗಿಯರು ಮೂವತ್ತೈದು ವರ್ಷ ಅಲ್ಲಿಗೆ ಬಂದು, ಕೈಯಲ್ಲೊಂದು ಕೆಲಸ ಹಿಡಿದುಕೊಂಡು ಹೋದರು.

ಎಲ್ಸಾ ಕೂಡ ಹಾಗೇ ಬಂದವಳು. ಅಪ್ಪನ ಹೆಸರು ಔತ, ಕೇರಳದಿಂದ ಬಂದು ರಬ್ಬರು ನೆಟ್ಟವನು. ಮರ ಗೀರಿ ಹಾಲಿಳಿಸುವ ಟ್ಯಾಪಿಂಗಿಗೆ ಜನ ಸಾಲದೆ ಮಗಳನ್ನು ಎಂಟನೆಯಲ್ಲೇ ಶಾಲೆ ಬಿಡಿಸಿದ. ಕನ್ನಡ ತಡವರಿಸುತ್ತಿದ್ದ ಮಲಯಾಳಿ ಹುಡುಗಿಗೆ ಶಾಲೆಯೆಂದರೆ ಹಿಂದಿನ ಬೆಂಚು ಮತ್ತು ಬೆತ್ತ. ಬಿಟ್ಟದ್ದು ಅವಳಿಗೆ ಹಬ್ಬವೇ ಆಯಿತು. ಹೊಲಿಗೆ ಶಾಲೆ ಶುರುವಾದ ವರ್ಷ ಕಲಿಯಲು ಬಟ್ಟೆ ಇರಲಿಲ್ಲ. ಹಳೇ ಯೂನಿಫಾರ್ಮ್ ತನ್ನಿ ಎಂದರು ಶಾಲೆ ನಡೆಸುವ ಕಾನ್ವೆಂಟಿನ ಸಿಸ್ಟರ್. ಎಲ್ಸಾ ತನ್ನ ನೀಲಿ ಲಂಗವನ್ನು ಕಚಕಚನೆ ಕತ್ತರಿಸಿ ಚೀಲ ಹೊಲಿದಳು. ಮೈಮೇಲಿನ ಭಾರ ಇಳಿದಂತೆ ಆಗಿತ್ತು ಅವತ್ತು.

ಮುಂದೆ ಅವಳೇ ಟೀಚರಾದಳು. ಮದುವೆಗೆ ಪುರುಸೊತ್ತಾಗಲಿಲ್ಲ ಎಂದು ತಾನೇ ತಮಾಷೆ ಮಾಡುತ್ತಿದ್ದಳು. ಬಟ್ಟೆಗೆ ಬರವಿಲ್ಲದ ಕಾಲ ಬಂದರೂ ಆ ಕ್ರಮ ಮಾತ್ರ ಬಿಡಲಿಲ್ಲ: ಮೊದಲ ದಿನ ಪ್ರತಿ ಹುಡುಗಿಯೂ ತನ್ನ ಯೂನಿಫಾರ್ಮ್ ಕತ್ತರಿಸಬೇಕು. ಅವರು ಅಳುತ್ತಿದ್ದರು, ಸಂಜೆಯೊಳಗೆ ನಗುತ್ತಿದ್ದರು. ನಾಚಿಕೆಗೆ ಇದೇ ಮದ್ದು ಎಂದು ಟೀಚರ ನಂಬಿಕೆ. ನಿನಗೆ ಮನಸ್ಸುಂಟಾ ಎಂದು ಒಬ್ಬಳನ್ನೂ ಕೇಳಿದವಳಲ್ಲ. ಒಳ್ಳೆಯದು ಮಾಡಲು ಹೊರಟವರಿಗೆ ಕೇಳುವ ಅಭ್ಯಾಸವೇ ಇರುವುದಿಲ್ಲ, ಏನು ಮಾಡೋಣ.

ಈ ಜೂನಿನಲ್ಲಿ ಆಡಳಿತದವರು ಖಡಾಖಂಡಿತ ಹೇಳಿಬಿಟ್ಟರು. ಶನಿವಾರದೊಳಗೆ ಹನ್ನೆರಡು ಹುಡುಗಿಯರಾದರೆ ಶಾಲೆ ನಡೆಯುತ್ತದೆ, ಇಲ್ಲದಿದ್ದರೆ ಬಾಗಿಲು ಮುಚ್ಚುವುದೇ. ಎಲ್ಸಾ ಮನೆಮನೆ ತಿರುಗಿ ಹನ್ನೊಂದು ಮಾಡಿದಳು. ಇನ್ನೊಬ್ಬಳಿಗಾಗಿ ಗುರುವಾರ ಬಸ್ಸು ಹತ್ತಿ ಐವರ್ನಾಡಿಗೆ, ಹಳೆಯ ಶಿಷ್ಯೆ ಭವಿತಾಳ ಮನೆಗೆ ಹೋದಳು. ಇಪ್ಪತ್ತು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ನಿಂತು ಕಲಿತವಳು ಭವಿತಾ. ಈಗ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಅವಳ ಮಗಳು ಮೋಕ್ಷಿತಾ ಈ ಸಲ ಹತ್ತರ ಗಣಿತದಲ್ಲಿ ಫೇಲಾಗಿದ್ದಾಳೆ ಎಂದು ಸುದ್ದಿ ಸಿಕ್ಕಿತ್ತು.

ಭವಿತಾ ಚಹಾ ಕೊಟ್ಟಳು, ಎಲ್ಲ ಕೇಳಿಸಿಕೊಂಡಳು.

"ನೀವೇ ಬಂದು ಕೇಳಿದ ಮೇಲೆ ಇಲ್ಲ ಹೇಳುದುಂಟಾ ಟೀಚರ್? ಕರ್ಕೊಂಡು ಹೋಗಿ."

ಎಲ್ಸಾಳಿಗೆ ಹೋದ ಜೀವ ಬಂದಂತಾಯಿತು. ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ ಹುಡುಗಿಗೆ ಹೇಳಿದಳು, "ಬರುವಾಗ ಯೂನಿಫಾರ್ಮ್ ತಾ ಮಗಾ."

ಭವಿತಾ ಲೋಟ ಕೆಳಗಿಟ್ಟಳು. "ಅದೊಂದು ಬೇಡ ಟೀಚರ್."

"ಎಂತ ಮಾರಾಯ್ತಿ? ನೀನು ಸಹ ಕತ್ತರಿಸಿದ್ದಿ ಅಲ್ವಾ?"

"ನಾನು ಕತ್ತರಿಸ್ಲಿಲ್ಲ, ನೀವು ಕತ್ತರಿಸಿದ್ದು. ನಾನು ಹಿಡ್ಕೊಂಡು ಅಳ್ತಾ ಇದ್ದೆ. ನಂಗೂ ಗಣಿತ ಒಂದೇ ಹೋದದ್ದು. ಮತ್ತಿನ ವಾರ ಪುನಃ ಪರೀಕ್ಷೆ ಇತ್ತು, ಫಾರ್ಮ್ ತುಂಬಿಸಿದ್ದೆ. ಹಾಕ್ಕೊಂಡು ಹೋಗ್ಲಿಕ್ಕೆ ಇದ್ದದ್ದು ಆ ಒಂದೇ ಜೊತೆ ಯೂನಿಫಾರ್ಮ್. ಟೀಚರೇ ಕತ್ತರಿಸಿದ್ರು, ಇನ್ನು ನಂದು ಮುಗೀತು ಅಂತ ಗ್ರಹಿಸಿದೆ. ಪರೀಕ್ಷೆಗೆ ಹೋಗ್ಲೇ ಇಲ್ಲ."

ಸಿಟ್ಟಿನಿಂದ ಹೇಳಿದ್ದರೆ ಎಲ್ಸಾ ತಡೆದುಕೊಳ್ಳುತ್ತಿದ್ದಳೇನೋ. ಭವಿತಾ ಸಮಾಧಾನದಲ್ಲೇ ಹೇಳಿದಳು, ಯಾರದೋ ಸುದ್ದಿಯೆಂಬಂತೆ. ಆ ಹುಡುಗಿ ಅತ್ತದ್ದು ಎಲ್ಸಾಳಿಗೆ ನೆನಪಿತ್ತು. ಎಲ್ಲರ ಹಾಗೆ ಇವಳೂ ಅಳುತ್ತಾಳೆ ಎಂದುಕೊಂಡು ಬೆನ್ನು ತಟ್ಟಿದ್ದೂ ನೆನಪಿತ್ತು. ಇಂಥವರು ಇನ್ನೆಷ್ಟು ಜನರೋ.

ಅವಳು ಮೋಕ್ಷಿತಾಳನ್ನು ಹತ್ತಿರ ಕರೆದಳು. "ಇನ್ನೊಂದು ಸಲ ಬರೀಲಿಕ್ಕೆ ಮನಸ್ಸುಂಟಾ?"

ಹುಡುಗಿ ಅಮ್ಮನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೌದೆಂದು ತಲೆಯಾಡಿಸಿದಳು.

"ಹಾಗಾದ್ರೆ ಬರೆ. ನಮ್ಮಲ್ಲಿಗೆ ಬರುದು ಬೇಡ."

ಭವಿತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎಲ್ಸಾ ಅವಳ ಕೈ ಹಿಡಿದುಕೊಂಡಳು. ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಶನಿವಾರ ಸಿಸ್ಟರ್ ಕೇಳಿದರು, "ಸಿಕ್ಕಿದ್ಲಾ?"

"ಸಿಕ್ಕಿದ್ಲು ಸಿಸ್ಟರ್. ನಾನೇ ಬಿಟ್ಟು ಬಂದೆ."

ಸಿಸ್ಟರ್ ಎರಡು ಸಲ ಅವಳ ಮುಖ ನೋಡಿ ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಶಾಲೆ ಮುಚ್ಚುವುದೆಂದು ತೀರ್ಮಾನವಾಯಿತು. ಹನ್ನೊಂದು ಹುಡುಗಿಯರು ಮಡಚಿದ ಯೂನಿಫಾರ್ಮ್ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಮನೆಗೆ ಹೋಗಿ ಎಂದು ಹೇಳುವ ಕೆಲಸವೂ ಎಲ್ಸಾಳ ಪಾಲಿಗೇ ಬಂತು. ಹೇಳುವ ಮೊದಲು ಒಂದು ಮಾತು ಕೇಳೋಣ ಅನ್ನಿಸಿತು ಅವಳಿಗೆ. ಮುಂದಿನ ಸಾಲಿನ ಸಣಕಲು ಹುಡುಗಿಯ ಎದುರು ಕುಳಿತಳು.

"ನಿಂಗೆ ಎಂತ ಮಾಡ್ಬೇಕೂಂತ ಉಂಟು ಮಗಾ? ಹೆದರ್ಬೇಡ, ಹೇಳು."

ಹುಡುಗಿಯ ಮುಖ ಅರಳಿತು. "ಹೊಲಿಗೆ ಕಲೀಬೇಕು ಟೀಚರ್."