ಮೈತ್ರಿ ಬೀಳುವ ಗಾದಿ

ಶಹಾಬಾದಿನ ಸಾಬಮ್ಮ ಗಾದಿ ಹೊಲಿಯುವವರು. ಯಾರ ಮನೆಗೆ ಹೋದರೂ ಮೊದಲು ಹಾಸಿಗೆ ಒತ್ತಿ ನೋಡುತ್ತಾರೆ, ಆಮೇಲೆ ಮಾತು. ಮಗಳು ಮೈತ್ರಿ ಎತ್ತರ ಜಿಗಿತ ಕಲಿತದ್ದು ಅವರು ಹತ್ತಿ ತುಂಬಿದ ಗಾದಿಗಳ ಮೇಲೆಯೇ. ಮೊನ್ನೆ ಅವಳು ವಿದೇಶದಲ್ಲಿ ಅಂತರರಾಷ್ಟ್ರೀಯ ಕೂಟದ ಫೈನಲಿನಲ್ಲಿ ಜಿಗಿಯುವಾಗ ಗಲ್ಲಿಯವರೆಲ್ಲ ಟಿವಿಯಲ್ಲಿ ಅಡ್ಡಕೋಲನ್ನೇ ನೋಡುತ್ತಿದ್ದರು. ಸಾಬಮ್ಮನ ಕಣ್ಣು ಮಾತ್ರ ಅದರಾಚೆಯ ನೀಲಿ ಗಾದಿಯ ಮೇಲಿತ್ತು. "ಭಾಳ ಮೆತ್ತಗದ," ಎಂದು ಕನಸಿನಲ್ಲೆಂಬಂತೆ ನಕ್ಕರು. ಮೂರನೆಯ ಸಲವೂ ಮೈತ್ರಿಯ ಹಿಮ್ಮಡಿ ತಾಗಿ ಕೋಲು ಬಿತ್ತು, ಪದಕ ಕೈತಪ್ಪಿತು. ಅವಳು ಏಳದೆ, ಆಕಾಶ ನೋಡುತ್ತಾ ಗಾದಿಯ ಮೇಲೆಯೇ ಮಲಗಿಬಿಟ್ಟಳು. "ಏಳವಾ, ಏಳು!" ಎಂದು ಗಲ್ಲಿ ಕೂಗಿತು. ಸಾಬಮ್ಮ ಎದ್ದು ಟಿವಿಯ ಸದ್ದು ತಗ್ಗಿಸಿದರು. "ಗದ್ಲ ಮಾಡಬ್ಯಾಡ್ರಿ. ಭಾಳ ದಣದಾಳ, ಸ್ವಲ್ಪ ಮಲಗ್ಲಿ."